ಟವರ್ ಸ್ಪೀಕರ್ ಶೋರೂಮಿನಲ್ಲಿ ಚೆಂದ, ಮನೆಯಲ್ಲಿ ಯಾಕಿಲ್ಲ? ದೋಷ ಹುಡುಕುವ ಕೈಪಿಡಿ

ದೊಡ್ಡ ದುಡ್ಡು ಕೊಟ್ಟು ಟವರ್ ಸ್ಪೀಕರ್ ತಂದವರ ದೂರು ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಶೋರೂಮಿನಲ್ಲಿ ಕೇಳಿದ ಧ್ವನಿ ಮನೆಗೆ ಬಂದಿಲ್ಲ. ಬಾಸ್ ಗುಂಯ್ ಅನ್ನುತ್ತದೆ. ಇಲ್ಲವೇ ಹಾಡುವವರ ದನಿ ಕಿವಿಗೆ ಚುಚ್ಚುತ್ತದೆ. ಇಲ್ಲವೇ ಎದೆಮಟ್ಟದ ಪೆಟ್ಟಿಗೆಯಿಂದ ಬಾಸೇ ಬರುತ್ತಿಲ್ಲ. ಹಿಂದೆಯೇ ಒಂದು ಪ್ರಶ್ನೆ: "ಆಂಪ್ಲಿಫೈಯರ್ ಬದಲಿ ಮಾಡಬೇಕೇನ್ರೀ?"

ಬೇಡ. ಇವತ್ತಂತೂ ಬೇಡ. ಸ್ಪೀಕರ್, ಆಂಪ್, ವೈರು, ಕೋಣೆ, ಕರೆಂಟು ಈ ಐದರಲ್ಲಿ ತಪ್ಪು ಯಾವುದರದ್ದು ಅಂತ ಗೊತ್ತಾಗುವವರೆಗೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ಹುಡುಕುವ ಬಗೆ ಸರಳ. ಒಂದು ಸಲಕ್ಕೆ ಒಂದನ್ನೇ ಅದಲು ಬದಲು ಮಾಡಿ. ದೋಷ ಯಾವುದರ ಬೆನ್ನು ಹತ್ತಿ ಹೋಗುತ್ತದೆ ನೋಡಿ.

ಮೊದಲು ಅದಲು ಬದಲು

ಒಂದೇ ಕಡೆ ತೊಂದರೆ ಇದೆ ಅಂದುಕೊಳ್ಳಿ. ಎಡಗಡೆ ಸದ್ದು ಕಡಿಮೆ, ಅಥವಾ ಒಡೆದಂತೆ ಕೇಳುತ್ತದೆ. ಆಂಪ್ ಆಫ್ ಮಾಡಿ. ಅದರ ಹಿಂದೆ ಎಡ ಬಲ ಸ್ಪೀಕರ್ ವೈರುಗಳನ್ನು ಅದಲು ಬದಲು ಮಾಡಿ. ಈಗ ತೊಂದರೆ ಬಲಗಡೆಗೆ ಹೋಯಿತಾ? ಹಾಗಾದರೆ ಸ್ಪೀಕರ್ ಪಾಪದ್ದು. ತಪ್ಪು ಆಂಪಿನದ್ದು ಅಥವಾ ಅದಕ್ಕಿಂತ ಹಿಂದಿನದ್ದು. ವೈರನ್ನು ಮೊದಲಿನಂತೆ ಹಾಕಿ, ಈಗ ಆಂಪಿಗೆ ಬರುವ ಆರ್‌ಸಿಎ ಪಿನ್ನುಗಳನ್ನು ಎಡ ಬಲ ಮಾಡಿ. ತೊಂದರೆ ಜಾಗ ಬದಲಿಸಿದರೆ ಪ್ಲೇಯರ್, ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಹೊಂದುವ ಸಿಗ್ನಲ್ ಮಾಡುವ ಡಬ್ಬಿ) ಅಥವಾ ಆ ಪಿನ್ ವೈರು. ಬದಲಿಸದಿದ್ದರೆ ಆಂಪು.

ಸ್ಪೀಕರ್ ವೈರು ಅದಲಿಸಿದರೂ ತೊಂದರೆ ಎಡಗಡೆಯೇ ಉಳಿಯಿತು ಅಂದರೆ ಈಗ ಪೆಟ್ಟಿಗೆಗಳನ್ನೇ ಅದಲಿಸಬೇಕು. ಭಾರದ ಕೆಲಸ, ಇಬ್ಬರು ಬೇಕು. ತೊಂದರೆ ಪೆಟ್ಟಿಗೆಯ ಜೊತೆ ಹೋದರೆ ಪೆಟ್ಟಿಗೆಯದ್ದು. ಆ ಮೂಲೆಯಲ್ಲೇ ಕೂತಿದ್ದರೆ ಆ ಕಡೆಯ ವೈರಿನದ್ದು ಅಥವಾ ಕೋಣೆಯದ್ದು. ವೈರು ಬದಲಿಸಿ ನೋಡಿದರೆ ಉಳಿದ ಅನುಮಾನವೂ ಹೋಗುತ್ತದೆ. ಒಂದು ಬದಿ ಗೋಡೆ, ಇನ್ನೊಂದು ಬದಿ ಬಾಗಿಲು ಇರುವ ಹಾಲಿನಲ್ಲಿ ಹೀಗೆ ಕೋಣೆಯೇ ಸಿಕ್ಕಿಬೀಳುವುದು ಜಾಸ್ತಿ.

ಎರಡೂ ಕಡೆ ಒಂದೇ ಥರ ತೊಂದರೆ ಇದ್ದರೆ ವಾಲ್ಯೂಮ್ ಪರೀಕ್ಷೆ ಮಾಡಿ. ಮನೆಯವರು ಮಾತಾಡುವಷ್ಟು ಸಣ್ಣಗೆ ಇಟ್ಟಾಗಲೂ ಆ ಗುಂಯ್ ಅಥವಾ ಚುಚ್ಚು ಇದೆಯಾ? ಇದ್ದರೆ ಕೋಣೆ, ಸ್ಪೀಕರ್ ಇಟ್ಟ ಜಾಗ ಅಥವಾ ಸೆಟ್ಟಿಂಗ್. ಸಣ್ಣಗೆ ಇದ್ದಾಗ ಎಲ್ಲ ಚೆನ್ನಾಗಿದ್ದು, ಜೋರು ಮಾಡಿದಾಗ ಮಾತ್ರ ಕೆಡುತ್ತಿದ್ದರೆ ಆಂಪ್ ಸಾಲುತ್ತಿಲ್ಲ, ಡ್ರೈವರ್ (ಪೆಟ್ಟಿಗೆಯೊಳಗೆ ಸದ್ದು ಮಾಡುವ ಬಿಡಿ ಸ್ಪೀಕರ್) ಕೆಟ್ಟಿದೆ, ಅಥವಾ ಮನೆಯ ಯಾವುದೋ ಸಾಮಾನು ನಡುಗುತ್ತಿದೆ. ಕೋಣೆಯ ದೋಷ ಎಲ್ಲ ವಾಲ್ಯೂಮಿನಲ್ಲೂ ಇರುತ್ತದೆ. ಆಂಪಿನ ಸುಸ್ತು ಮಾತ್ರ ಮೇಲೆ ಹೋದಾಗಲೇ ಕಾಣುತ್ತದೆ. ಇದೊಂದು ಪರೀಕ್ಷೆ ಎಷ್ಟೋ ಜನರಿಗೆ ಹೊಸ ಆಂಪಿನ ದುಡ್ಡು ಉಳಿಸುತ್ತದೆ.

ಬಾಸೇ ಇಲ್ಲ ಅಂದರೆ

ಮೊದಲ ಅನುಮಾನ ಪ್ಲಸ್ ಮೈನಸ್ ಮೇಲೆ. ಒಂದು ಸ್ಪೀಕರಿಗೆ ಕೆಂಪು ಕರಿ ತಿರುವುಮುರುವಾಗಿ ಕಟ್ಟಿದ್ದರೆ ಒಂದರ ಕೋನ್ (ಅಲುಗಿ ಸದ್ದು ಮಾಡುವ ಹಾಳೆ) ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಬಾಸ್ ಒಂದಕ್ಕೊಂದು ಹೊಡೆದುಕೊಂಡು ಸಾಯುತ್ತದೆ. ಒಬ್ಬರೇ ಮಾತಾಡುವ ರೇಡಿಯೊ ಸುದ್ದಿ ಹಾಕಿ. ದನಿ ಎರಡು ಸ್ಪೀಕರುಗಳ ನಟ್ಟನಡುವೆ ನಿಲ್ಲಬೇಕು. ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗದೆ ಕೋಣೆ ತುಂಬ ಹರಡಿಕೊಂಡರೆ ವೈರು ತಿರುಗಿದೆ.

ಕಣ್ಣಿಗೆ ವೈರು ಸರಿಯಾಗೇ ಕಂಡರೆ ಪೆನ್ಸಿಲ್ ಸೆಲ್ ತನ್ನಿ, ಒಂದೂವರೆ ವೋಲ್ಟಿನದ್ದು. ಆಂಪಿನಿಂದ ವೈರು ಬಿಚ್ಚಿ, ಆ ತುದಿಗೆ ಸೆಲ್ಲಿನ ಪ್ಲಸ್ ಕೆಂಪಿಗೆ, ಮೈನಸ್ ಕರಿಗೆ ಒಂದು ಕ್ಷಣ ಮುಟ್ಟಿಸಿ. ಎರಡೂ ಪೆಟ್ಟಿಗೆಯ ವೂಫರ್ (ಬಾಸ್ ಡ್ರೈವರ್) ಒಂದೇ ದಿಕ್ಕಿಗೆ ಜಿಗಿಯಬೇಕು, ಸಾಮಾನ್ಯವಾಗಿ ಹೊರಗೆ. ಗೋಡೆಯೊಳಗೆ ವೈರು ಎಳೆಸಿದ ಮನೆಗಳಲ್ಲಿ ಈ ಪರೀಕ್ಷೆ ಬಿಡಬೇಡಿ. ಎರಡೂ ತುದಿಯಲ್ಲಿ ಒಂದೇ ಬಣ್ಣ ಕಟ್ಟಿದ್ದಾರೆ ಅಂತ ನಂಬಲು ಆಗುವುದಿಲ್ಲ.

ಎರಡನೆಯ ಅನುಮಾನ ಜಂಪರ್ ಪಟ್ಟಿ. ಹಿಂದೆ ನಾಲ್ಕು ಟರ್ಮಿನಲ್ ಇರುವ ಸ್ಪೀಕರುಗಳಲ್ಲಿ ಮೇಲಿನ ಜೋಡಿ ಟ್ವೀಟರಿಗೆ (ಮೇಲಿನ ದನಿಯ ಸಣ್ಣ ಡ್ರೈವರ್), ಕೆಳಗಿನದು ವೂಫರಿಗೆ. ನಡುವೆ ಹಿತ್ತಾಳೆ ಪಟ್ಟಿ ಇರುತ್ತದೆ. ಸಾಗಣೆಯಲ್ಲಿ ಅದು ಸಡಿಲಾದರೆ ಬಾಸೇ ಇಲ್ಲ, ಅಥವಾ ಮೇಲಿನ ದನಿಯೇ ಇಲ್ಲ. ಬೆಳಗಾವಿಯ ಮಳೆಗಾಲದಲ್ಲಿ ತೇವಕ್ಕೆ ಈ ಪಟ್ಟಿ ಕರಿ ಕಟ್ಟುತ್ತದೆ. ವಿಜಯಪುರದಲ್ಲಿ ಧೂಳಿನ ಕಾಟ. ಬಿಚ್ಚಿ ಒರೆಸಿ ಬಿಗಿ ಮಾಡಿದರೆ ಸಾಕು.

ಮೂರನೆಯದು ಎವಿ ರಿಸೀವರ್ (ಸಿನಿಮಾ ಸೌಂಡಿನ ಹಲವು ಚಾನೆಲ್ ಆಂಪ್) ಇಟ್ಟುಕೊಂಡವರಿಗೆ. ಸೆಟಪ್ ಮೆನುವಿನಲ್ಲಿ ಮುಂದಿನ ಸ್ಪೀಕರ್ ಸ್ಮಾಲ್ ಅಂತ ಇದ್ದು, ಸಬ್‌ವೂಫರ್ (ಬರೀ ಬಾಸಿನ ಬೇರೆ ಪೆಟ್ಟಿಗೆ) ಇದೆ ಅಂತ ಹೇಳಿದ್ದರೆ, 80 ಹರ್ಟ್ಜ್‌ಗಿಂತ (ಸೆಕೆಂಡಿಗೆ 80 ಕಂಪನ) ಕೆಳಗಿನ ಬಾಸೆಲ್ಲ ಸಬ್ಬಿಗೆ ಹೋಗುತ್ತದೆ. ಮನೆಯಲ್ಲಿ ಸಬ್ ಇಲ್ಲದಿದ್ದರೆ ಅಥವಾ ಅದರ ಸ್ವಿಚ್ ಆಫ್ ಇದ್ದರೆ ಬಾಸ್ ಎಲ್ಲಿಗೂ ಹೋಗುವುದಿಲ್ಲ. ಇದು ಬಹಳ ಸಾಮಾನ್ಯ ದೋಷ. ಸಬ್ ಇಲ್ಲ ಅಂತ ಮೆನುವಿನಲ್ಲಿ ಹೇಳಿ, ಟವರ್‌ಗಳನ್ನು ಲಾರ್ಜ್ ಮಾಡಿ. ಜೊತೆಗೆ ಜೋರಾದ ಸದ್ದನ್ನು ತಗ್ಗಿಸುವ ನೈಟ್ ಮೋಡ್ ಆನ್ ಆಗಿದೆಯಾ ನೋಡಿ.

ಇಷ್ಟೆಲ್ಲ ಸರಿ ಇದ್ದೂ ಬಾಸ್ ಇಲ್ಲ ಅಂದರೆ ನೀವು ಕೂತ ಜಾಗ ನೋಡಿ. ಕೋಣೆಯ ನಟ್ಟನಡುವೆ ಕುರ್ಚಿ ಹಾಕಿದ್ದರೆ ಕೆಲವು ಬಾಸ್ ಸ್ವರಗಳು ಅಲ್ಲಿ ಸತ್ತೇ ಹೋಗಿರುತ್ತವೆ. ಕಾರಣ ಮುಂದೆ ಬರುತ್ತದೆ.

ಬಾಸ್ ಗುಂಯ್ ಅಂದರೆ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಟವರ್ ಸ್ಪೀಕರಿನ ನಿಜವಾದ ಗೋಳು ಇದೇ. ಸಣ್ಣ ಸ್ಪೀಕರ್ 60 ಹರ್ಟ್ಜ್ ಕೆಳಗೆ ಅಷ್ಟಾಗಿ ಹೋಗುವುದಿಲ್ಲ, ಹಾಗಾಗಿ ಕೋಣೆಯ ತಪ್ಪು ಮುಚ್ಚಿಹೋಗುತ್ತದೆ. ಟವರ್ 30, 35ರವರೆಗೂ ಇಳಿಯುತ್ತದೆ. ಕೋಣೆಯ ಬಣ್ಣ ಆಗ ಬಯಲಾಗುತ್ತದೆ.

ಎದುರುಬದುರು ಎರಡು ಗೋಡೆಗಳ ನಡುವೆ ಬಾಸ್ ಹೋಗಿ ಬಂದು, ಒಂದು ಲೆಕ್ಕಕ್ಕೆ ಸರಿಯಾಗಿ ಕೂತಾಗ ಉಬ್ಬುತ್ತದೆ. ಆ ಲೆಕ್ಕ ಸುಲಭ. 565 ಅನ್ನು ಗೋಡೆಗಳ ನಡುವಿನ ಅಡಿಯಿಂದ ಭಾಗಿಸಿ. ಹತ್ತು ಅಡಿ ಇದ್ದರೆ ಸುಮಾರು 56 ಹರ್ಟ್ಜ್. ಹನ್ನೆರಡಾದರೆ 47. ಹದಿನಾರಾದರೆ 35. ಇದರ ಎರಡರಷ್ಟು, ಮೂರರಷ್ಟಕ್ಕೂ ಉಬ್ಬು ಇರುತ್ತದೆ. ನಮ್ಮ ಕಡೆ ಬೆಡ್‌ರೂಮು ಅಂದರೆ ಹತ್ತು ಬೈ ಹತ್ತು. ಸ್ಲ್ಯಾಬೂ ಹತ್ತು ಅಡಿ ಮೇಲೆ. ಉದ್ದ, ಅಗಲ, ಎತ್ತರ ಮೂರೂ 56 ಹರ್ಟ್ಜ್‌ಗೇ ಉಬ್ಬಿದರೆ ಏನು ಗತಿ? ಅಂಥ ಕೋಣೆಗೆ ಎರಡೆರಡು ಎಂಟಿಂಚು ವೂಫರಿನ ಟವರ್ ತರುವುದೇ ತಪ್ಪು ಜೋಡಿ. ಎಷ್ಟು ಲಕ್ಷದ ಆಂಪ್ ಹಾಕಿದರೂ ಅದು ಸುಧಾರಿಸುವುದಿಲ್ಲ. ಅಲ್ಲಿಗೆ ಸ್ಟ್ಯಾಂಡ್ ಮೇಲಿನ ಒಳ್ಳೆ ಸಣ್ಣ ಸ್ಪೀಕರೇ ವಾಸಿ ಅಂತ ನಾನು ನೇರವಾಗಿ ಹೇಳುತ್ತೇನೆ.

ಹದಿನಾರು ಅಡಿ ಹಾಲಿನದ್ದು ಬೇರೆ ಕಥೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ, 1924ರಲ್ಲಿ. ಹಿಂದೂಸ್ತಾನಿ ಗಾಯನ ನಮ್ಮ ಭಾಗದ ಮನೆಗಳಲ್ಲಿ ದಿನದ ಊಟವಿದ್ದಂತೆ. ಅದಕ್ಕೇ ಪರೀಕ್ಷೆಗೆ ಇಂಗ್ಲಿಷ್ ಡೆಮೊ ಸಿಡಿ ಬೇಡ, ಗಂಡು ದನಿಯ ಗಾಯನ ಸಾಕು. ಹಾರ್ಮೋನಿಯಂನ ಕಪ್ಪು ಒಂದರ ಷಡ್ಜ (ಸಾ) ಸುಮಾರು 138 ಹರ್ಟ್ಜ್. ತಂಬೂರಿಯ ಖರಜ ತಂತಿ ಅದರ ಅರ್ಧ, ಅಂದರೆ 69. ಹದಿನಾರು ಅಡಿ ಹಾಲಿನ ಎರಡನೆಯ ಉಬ್ಬು ಎಲ್ಲಿದೆ? 35ರ ಎರಡರಷ್ಟು, 70ರಲ್ಲಿ. ತಂಬೂರಿಯ ಖರಜ ಪ್ರತಿ ಸುತ್ತಿಗೂ ಆ ಉಬ್ಬಿನ ಮೇಲೆ ಬಂದು ಕೂರುತ್ತದೆ. ಗಾಯಕ ಉಸಿರು ಎಳೆದುಕೊಂಡಾಗಲೂ ಹಾಲು ಗುಂಯ್ ಅನ್ನುತ್ತಲೇ ಇರುತ್ತದೆ. ಜನ ಇದನ್ನು ಸ್ಪೀಕರಿನ ದೋಷ ಅನ್ನುತ್ತಾರೆ. ಡಗ್ಗಾ ಬಾರಿಸಿದಾಗ ಒಂದು ಪೆಟ್ಟು ಮುಗಿಯುವ ಮೊದಲೇ ಮುಂದಿನದು ಕಲಸಿಹೋಗುವುದೂ ಇದೇ ರೋಗ.

ಖಾತ್ರಿ ಮಾಡಿಕೊಳ್ಳಲು ಫೋನಿಗೆ ಟೋನ್ ಜನರೇಟರ್ ಆಪ್ ಹಾಕಿಕೊಂಡು ಫೋನನ್ನು ಆಂಪಿಗೆ ಜೋಡಿಸಿ. 30 ಹರ್ಟ್ಜ್‌ನಿಂದ ನಿಧಾನಕ್ಕೆ 150ರವರೆಗೆ ಏರಿಸಿ. ವಾಲ್ಯೂಮ್ ಸಣ್ಣಗಿರಲಿ. ಬರೀ ಟೋನ್ ಜೋರಾಗಿ ಬಿಟ್ಟರೆ ಡ್ರೈವರಿನೊಳಗಿನ ಕಾಯಿಲ್ (ತಂತಿಸುರುಳಿ) ಸುಟ್ಟೀತು. ಎಲ್ಲಿ ಒಮ್ಮೆಲೇ ಉಬ್ಬುತ್ತದೋ ಆ ನಂಬರ್ ಬರೆದುಕೊಳ್ಳಿ. ಟೋನ್ ಹಾಗೇ ಇರಲಿ, ನೀವು ಕೋಣೆಯಲ್ಲಿ ಓಡಾಡಿ. ಗೋಡೆ ಹತ್ತಿರ ಜೋರಾಗಿದ್ದು, ಇನ್ನೊಂದು ಕಡೆ ನಿಂತಾಗ ಮಾಯವಾದರೆ ಅದು ಕೋಣೆ. ಎಲ್ಲಿ ನಿಂತರೂ ಅಷ್ಟೇ ಉಬ್ಬಿದ್ದರೆ ಬಾಸ್ ಗುಂಡಿ, ಲೌಡ್‌ನೆಸ್ ಬಟನ್, ಫೋನಿನ ಈಕ್ವಲೈಜರ್ ನೋಡಿ.

ಕೋಣೆಯೇ ಅಂತ ಆದ ಮೇಲೆ ಮೊದಲು ಸೋಫಾ ಸರಿಸಿ, ಆಮೇಲೆ ಸ್ಪೀಕರ್. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಸೋಫಾ ಹಿಂದಿನ ಗೋಡೆಗೆ ಹತ್ತಿದ್ದರೆ ಎಲ್ಲ ಬಾಸ್ ಉಬ್ಬುಗಳೂ ನಿಮ್ಮ ತಲೆಯ ಹಿಂದೆಯೇ ಇರುತ್ತವೆ. ಹದಿನಾರು ಅಡಿ ಹಾಲಿನಲ್ಲಿ ಗೋಡೆಯಿಂದ ನಾಲ್ಕು ಅಡಿ ಮುಂದೆ ಬಂದರೆ ಆ 70 ಹರ್ಟ್ಜ್ ತಗ್ಗಿನಲ್ಲಿರುತ್ತದೆ. ನಟ್ಟನಡುವೆ, ಎಂಟು ಅಡಿಗೆ ಬಂದರೆ 70 ಮತ್ತೆ ಉಬ್ಬುತ್ತದೆ, 35 ಸತ್ತುಹೋಗುತ್ತದೆ. ಐದು ಆರು ಅಡಿ ಆಸುಪಾಸಿನಲ್ಲಿ ರಾಜಿ ಸಿಗುತ್ತದೆ. ಅರ್ಧ ಅಡಿ ಅರ್ಧ ಅಡಿ ಸರಿಸುತ್ತ ಖರಜ ಕೇಳಿ.

ಆಮೇಲೆ ಸ್ಪೀಕರ್. ಮೂಲೆಯಿಂದ ಹೊರಗೆ ತನ್ನಿ. ಹಿಂಗೋಡೆಯಿಂದ ಎರಡು ಮೂರು ಅಡಿ ಬಿಡಿ, ಪೋರ್ಟ್ (ಪೆಟ್ಟಿಗೆಯ ಗಾಳಿ ಹೊರಬರುವ ತೂತು) ಹಿಂದೆ ಇರುವ ಸ್ಪೀಕರಿಗಂತೂ ಖಂಡಿತ. ಆದರೆ ವೂಫರಿನಿಂದ ನೆಲ, ಪಕ್ಕದ ಗೋಡೆ, ಹಿಂಗೋಡೆ ಮೂರೂ ಒಂದೇ ಅಳತೆಯಲ್ಲಿ ಇರಬಾರದು. ಮೂರೂ ಎರಡೆರಡು ಅಡಿ ಇದ್ದರೆ ಮೂರೂ ಕಡೆಯಿಂದ ತಿರುಗಿ ಬಂದ ಸದ್ದು ಸುಮಾರು 140 ಹರ್ಟ್ಜ್ ಹತ್ತಿರ ಮೂಲ ಸದ್ದನ್ನು ಕೊಲ್ಲುತ್ತದೆ. ಗಂಡು ದನಿಯ ಷಡ್ಜ ಅಲ್ಲೇ ಇದೆಯಲ್ಲ. ದನಿ ಬಡಕಲಾಗುತ್ತದೆ. ಒಂದು ಎರಡಡಿ ಇದ್ದರೆ ಇನ್ನೊಂದು ಮೂರು ಇರಲಿ. ಮೂಲೆಗೆಂದೇ ಮಾಡಿದ ಸ್ಪೀಕರ್‌ಗಳೂ ಇವೆ. 1946ರಿಂದ ಬರುತ್ತಿರುವ ಕ್ಲಿಪ್ಶ್‌ಹಾರ್ನ್ ಅಂಥದ್ದು, ಅದಕ್ಕೆ ಈ ಮಾತು ಹೊಂದುವುದಿಲ್ಲ. ಕೊಂಡ ಪೆಟ್ಟಿಗೆಯ ಪುಸ್ತಕ ಓದಿ.

ಜಾಗ ಸರಿಸಲು ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲವಾ? ಪೋರ್ಟಿಗೆ ಕಂಪನಿಯೇ ಕೊಟ್ಟ ಫೋಮ್ ಬಿರಡೆ ಹಾಕಿ. ಅದು ಇಲ್ಲದಿದ್ದರೆ ಸುತ್ತಿದ ಕಾಲುಚೀಲವೂ ನಡೆಯುತ್ತದೆ. ಬಾಸ್ ಸ್ವಲ್ಪ ತೆಳುವಾಗುತ್ತದೆ, ಗುಂಯ್ ಇಳಿಯುತ್ತದೆ. ಬಾಗಿಲು ತೆರೆದಿಡಿ, ಬಾಸಿಗೆ ಹೊರಗೆ ಹೋಗಲು ದಾರಿ ಸಿಗುತ್ತದೆ. ಗೋಡೆಗೆ ಮೊಟ್ಟೆ ಟ್ರೇ, ಒಂದಿಂಚು ಫೋಮ್ ಅಂಟಿಸುವುದು ಮಾತ್ರ ಬೇಡ. 60 ಹರ್ಟ್ಜ್‌ನ ಅಲೆ ಸುಮಾರು ಹತ್ತೊಂಬತ್ತು ಅಡಿ ಉದ್ದ. ಒಂದಿಂಚು ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೂಲೆಗಳಲ್ಲಿ ನೆಲದಿಂದ ಮೇಲಿನವರೆಗೆ ದಪ್ಪ ರಾಕ್‌ವೂಲ್ (ಕಲ್ಲಿನ ಎಳೆಯ ಹಾಸು) ನಿಲ್ಲಿಸಿದರೆ ಫಲ ಕಾಣುತ್ತದೆ. ಹತ್ತಿ ಗಾದಿಗಳನ್ನು ಸುತ್ತಿ ಮೂಲೆಗೆ ನಿಲ್ಲಿಸಿ ನೋಡಿ, ಪರೀಕ್ಷೆಗೆ ಪುಕ್ಕಟೆ.

ಹಳೆ ಜಂತಿ ಮನೆಗಳಲ್ಲಿ ಈ ಕಾಟ ಕಡಿಮೆ. ಮೇಲೆ ಮರದ ಜಂತಿ, ಹಲಗೆ. ಗೋಡೆಯಲ್ಲಿ ಗೂಡುಗಳು. ಪಡಸಾಲೆಯ ಒಂದು ಬದಿಗೆ ಬಾಗಿಲೇ ಇರುವುದಿಲ್ಲ. ಸದ್ದು ಚೆದುರುತ್ತದೆ, ಹೊರಗೂ ಹೋಗುತ್ತದೆ. ಅದನ್ನು ಕೆಡವಿ ಆರ್‌ಸಿಸಿ ಹಾಕಿ, ಗೋಡೆಗೆ ಪುಟ್ಟಿ ಬಳಿದು, ನೆಲಕ್ಕೆ ಗ್ರಾನೈಟ್ ಹಾಸಿದ ಮೇಲೆ ಬಂದ ಸ್ಪೀಕರಿಗೆ ಬೈದು ಏನು ಉಪಯೋಗ?

ದನಿ ಚುಚ್ಚಿದರೆ

ಗೋಳಗುಮ್ಮಟದ ಊರಿನವರಿಗೆ ಪ್ರತಿಧ್ವನಿ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಅಲ್ಲಿ ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಸದ್ದು ಹೋಗಿ ಬರಲು ಐದನೇ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಅದಕ್ಕೇ ಒಂದು ಚಪ್ಪಾಳೆ ಬಿಡಿಬಿಡಿಯಾಗಿ ಹಲವು ಸಲ ಕೇಳುತ್ತದೆ. ನಿಮ್ಮ ಹತ್ತಡಿ ಕೋಣೆಯಲ್ಲಿ ಅದೇ ಸುತ್ತು ಸೆಕೆಂಡಿಗೆ 56 ಸಲ ಆಗುತ್ತದೆ. ಬಿಡಿಸಿ ಕೇಳುವುದಿಲ್ಲ, ಝರ್ರ್ ಅಂತ ಒಂದು ಬಾಲ ಕೇಳುತ್ತದೆ. ಸ್ಪೀಕರ್ ಮತ್ತು ನಿಮ್ಮ ನಡುವೆ ನಿಂತು ಚಪ್ಪಾಳೆ ಹೊಡೆಯಿರಿ. ಆ ಬಾಲ ಕೇಳಿದರೆ ಚುಚ್ಚುವ ದನಿಗೆ ಕಾರಣ ಸಿಕ್ಕಿತು.

ಇದಕ್ಕೆ ಮದ್ದು ಸುಲಭ, ಬಾಸಿನಷ್ಟು ಕಷ್ಟವಿಲ್ಲ. ಸ್ಪೀಕರ್ ಮತ್ತು ಸೋಫಾ ನಡುವೆ ದಪ್ಪ ಜಮಖಾನ ಹಾಸಿ. ಗ್ರಾನೈಟ್ ಇರಲಿ, ಫರ್ಸಿ ಇರಲಿ, ಬರೀ ನೆಲ ಬೇಡ. ಪಕ್ಕದ ಗೋಡೆಯಲ್ಲಿ ಯಾವ ಜಾಗ ಮುಖ್ಯ ಅಂತ ತಿಳಿಯಲು ಒಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ. ನೀವು ಕೂತಲ್ಲಿಂದ ಟ್ವೀಟರ್ ಕನ್ನಡಿಯಲ್ಲಿ ಎಲ್ಲಿ ಕಾಣುತ್ತದೋ ಅಲ್ಲಿ ಏನಾದರೂ ಮೆತ್ತಗಿನದು ಬೇಕು. ನಾಲ್ಕು ಪದರದ ಕೌದಿ ಇದಕ್ಕೆ ಹೇಳಿ ಮಾಡಿಸಿದ್ದು. ಗೋಡೆಯಿಂದ ಎರಡು ಮೂರು ಇಂಚು ಬಿಟ್ಟು ನೇತುಹಾಕಿದರೆ ಇನ್ನೂ ಚೆನ್ನಾಗಿ ಹೀರುತ್ತದೆ. ಅಜ್ಜಿ ಹೊಲಿದ ಕೌದಿ ಟ್ರಂಕಿನಲ್ಲಿ ಇಟ್ಟು, ಪೇಟೆಯಿಂದ ಅಕೌಸ್ಟಿಕ್ ಪ್ಯಾನಲ್ ತರಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಆಮೇಲೆ ಸ್ಪೀಕರ್ ಮುಖವನ್ನು ಸ್ವಲ್ಪ ಹೊರಗೆ ತಿರುಗಿಸಿ. ಟ್ವೀಟರ್ ಕಿವಿಗೆ ನೇರವಾಗಿ ಗುರಿ ಇಟ್ಟಿದ್ದರೆ ಮೇಲಿನ ದನಿ ಜಾಸ್ತಿ. ಭುಜದ ಹೊರಗೆ ಹಾಯುವಂತೆ ತಿರುಗಿಸಿದರೆ ಇಳಿಯುತ್ತದೆ. ಕೂತಾಗ ಕಿವಿ ಟ್ವೀಟರಿನ ಮಟ್ಟಕ್ಕೆ ಬರಬೇಕು. ನೆಲದ ಮೇಲೆ ಲೋಡಿಗೆ ಒರಗಿ ಕೇಳುವವರು ಸ್ಪೈಕ್ (ಕೆಳಗಿನ ಮೊನೆಗಾಲು) ತಿರುಗಿಸಿ ಪೆಟ್ಟಿಗೆಯನ್ನು ಕೊಂಚ ಮುಂದಕ್ಕೆ ಬಾಗಿಸಿಕೊಳ್ಳಿ, ಬೀಳದಂತೆ ನೋಡಿಕೊಂಡು.

ಇದೆಲ್ಲ ಮಾಡದೆ "ವಾರ್ಮ್" (ಮೆತ್ತನೆ ದನಿಯ) ಆಂಪ್ ತನ್ನಿ ಅಂತ ಹೇಳುವವರು ಬಹಳ. "ಇನ್ನೂರು ಗಂಟೆ ಓಡಲಿ, ತಾನೇ ಸರಿ ಹೋಗುತ್ತದೆ" ಅನ್ನುವವರು ಇನ್ನೂ ಬಹಳ. ಹೊಸ ವೂಫರಿನ ರಬ್ಬರ್ ಸ್ವಲ್ಪ ಮೆತ್ತಗಾಗುವುದು ನಿಜ. ಆದರೆ ಗಂಟೆ ಲೆಕ್ಕ ಹಾಕುತ್ತ ವಾಪಸ್ ಕೊಡುವ ಗಡುವು ಕಳೆದುಕೊಳ್ಳಬೇಡಿ.

ಆಂಪ್ ನಿಜಕ್ಕೂ ಸಾಲುತ್ತಿಲ್ಲವಾ?

ವಾಲ್ಯೂಮ್ ಏರಿಸಿದಾಗ ಮಾತ್ರ ತೊಂದರೆ ಅಂದವರು ಇಲ್ಲಿಂದ ಓದಿ. ಸ್ಪೀಕರಿನ ಕಾಗದದಲ್ಲಿ ಮೂರು ನಂಬರ್ ಹುಡುಕಿ: ಸೆನ್ಸಿಟಿವಿಟಿ (ಇಷ್ಟು ವೋಲ್ಟಿಗೆ ಎಷ್ಟು ಸದ್ದು), ನಾಮಿನಲ್ ಓಮ್ (ಕರೆಂಟಿಗೆ ಒಡ್ಡುವ ತಡೆ, ಅಂದಾಜಿನ ಲೆಕ್ಕ), ಕನಿಷ್ಠ ಓಮ್ (ಆ ತಡೆ ತೀರ ಕೆಳಗಿಳಿದಾಗಿನದು). ಮೂರನೆಯದು ಕೆಲವು ಸಲ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೆಲವು ಸಲ ಇರುವುದೇ ಇಲ್ಲ. ಆದರೆ ಆಂಪನ್ನು ಸುಸ್ತು ಮಾಡುವುದು ಅದೇ. ಬೋವರ್ಸ್ ಆಂಡ್ ವಿಲ್ಕಿನ್ಸ್ 802 ಡಿ3 ಕಾಗದದ ಮೇಲೆ 8 ಓಮ್. ಕನಿಷ್ಠ ಮಾತ್ರ 3. ಅದೂ ಕಂಪನಿಯೇ ಬರೆದದ್ದು. ಅಂಥ ಸ್ಪೀಕರಿಗೆ 8 ಓಮ್‌ಗೆ ಇಷ್ಟು ವ್ಯಾಟ್ ಅಂತ ಹೇಳಿ 4 ಓಮ್ ಬಗ್ಗೆ ಬಾಯಿ ಬಿಡದ ಆಂಪ್ ಸಾಲುವುದಿಲ್ಲ. 8 ಓಮ್‌ಗೆ 100, 4 ಓಮ್‌ಗೆ 200ರ ಹತ್ತಿರ ಕೊಡುವ ಆಂಪಿನ ಟ್ರಾನ್ಸ್‌ಫಾರ್ಮರ್ ಗಟ್ಟಿ ಇದೆ ಅಂತ ಲೆಕ್ಕ. ಅಗ್ಗದ ರಿಸೀವರಿನ "ಏಳು ಚಾನೆಲ್, ತಲಾ 100 ವ್ಯಾಟ್" ಅನ್ನುವ ಮಾತಿನಲ್ಲಿ ಏಳೂ ಒಟ್ಟಿಗೆ ಓಡುವಾಗ ಅಷ್ಟು ಇರುವುದಿಲ್ಲ.

ಸೆನ್ಸಿಟಿವಿಟಿಯಲ್ಲೂ ಒಂದು ಚಮತ್ಕಾರ ಇದೆ. ಅದನ್ನು 2.83 ವೋಲ್ಟಿಗೆ ಅಳೆಯುತ್ತಾರೆ. 8 ಓಮ್‌ಗೆ ಅದು ಒಂದು ವ್ಯಾಟ್, 4 ಓಮ್‌ಗೆ ಎರಡು. ಹಾಗಾಗಿ 4 ಓಮಿನ 90 ಡೆಸಿಬೆಲ್ (ಸದ್ದಿನ ಅಳತೆ) ಸ್ಪೀಕರ್ ಒಂದು ವ್ಯಾಟಿಗೆ ಕೊಡುವುದು 87 ಮಾತ್ರ. ಮೂರು ಡೆಸಿಬೆಲ್ ಕಡಿಮೆ ಅಂದರೆ ಅಷ್ಟೇ ಸದ್ದಿಗೆ ಎರಡು ಪಟ್ಟು ವ್ಯಾಟ್ ಬೇಕು.

ಅಂದಾಜು ಲೆಕ್ಕ ಹೀಗೆ. ಹತ್ತು ಅಡಿ ದೂರ ಕೂತು ಕೇಳುವಾಗ, ಜೋರಾದ ಪೆಟ್ಟು 100 ಡೆಸಿಬೆಲ್ ಮುಟ್ಟಬೇಕು ಅಂದುಕೊಳ್ಳಿ. ಎರಡು ಸ್ಪೀಕರ್, ಕೋಣೆಯ ಸಹಾಯ ಎಲ್ಲ ಸೇರಿ ದೂರಕ್ಕೆ ಐದು ಡೆಸಿಬೆಲ್ ಕಳೆಯಿರಿ. 87ರ ಸ್ಪೀಕರಿಗೆ ಸುಮಾರು 60 ವ್ಯಾಟ್ ಬೇಕಾಗುತ್ತದೆ. 92ರದ್ದಕ್ಕೆ 20 ಸಾಕು. ಗಾಯನ ಮಾತ್ರ ಕೇಳುವ ಮನೆಗೆ ಇದಕ್ಕಿಂತ ಕಡಿಮೆಯೂ ನಡೆಯುತ್ತದೆ. ಡೊಳ್ಳು, ಹಲಗೆ, ಸಿನಿಮಾ ಅಂದರೆ ಜಾಸ್ತಿ ಇರಲಿ.

ಆಂಪ್ ಸುಸ್ತಾದಾಗ ಅಲೆಯ ತಲೆ ಕತ್ತರಿಸುತ್ತದೆ. ಬಾಸ್ ಬಿರುಸಾಗುತ್ತದೆ, ಮೇಲಿನ ದನಿ ಗೊರಗೊರ ಅನ್ನುತ್ತದೆ, ವಾಲ್ಯೂಮ್ ತಿರುಗಿಸಿದರೂ ಸದ್ದು ಬೆಳೆಯುವುದಿಲ್ಲ. ಅಲ್ಲೇ ನಿಲ್ಲಿಸಿ. ಟ್ವೀಟರ್ ಸುಡುವುದು ಹೀಗೇ. ದೊಡ್ಡ ಆಂಪ್ ಹಾಕಿದರೆ ಸ್ಪೀಕರ್ ಸುಡುತ್ತದೆ ಅಂತ ಹೆದರಿ ಸಣ್ಣ ಆಂಪ್ ಕೊಂಡು, ಅದನ್ನು ಕೊನೆಯವರೆಗೆ ತಿರುಗಿಸಿ ಟ್ವೀಟರ್ ಕಳೆದುಕೊಂಡವರೇ ಹೆಚ್ಚು.

ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಜೋಡಿಸುವವರಿಗೆ ಬೇರೆ ಎಚ್ಚರಿಕೆ. 300ಬಿ ಅನ್ನುವ ವಾಲ್ವಿನ ಸಿಂಗಲ್ ಎಂಡೆಡ್ (ಚಾನೆಲ್ಲಿಗೆ ಒಂದೇ ವಾಲ್ವ್) ಆಂಪ್ ಕೊಡುವುದು ಎಂಟು ವ್ಯಾಟ್ ಆಸುಪಾಸು. ಅದು ಸಾಕು ಅನ್ನಿ, ಆದರೂ ಅದರ ಔಟ್‌ಪುಟ್ ಇಂಪೀಡೆನ್ಸ್ (ಆಂಪಿನ ಒಳತಡೆ) ಎರಡು ಓಮ್ ಇದ್ದು, ಸ್ಪೀಕರಿನ ಓಮ್ 3ರಿಂದ 20ರವರೆಗೆ ಏರಿಳಿದರೆ, ಧ್ವನಿಯಲ್ಲೇ ಮೂರೂವರೆ ಡೆಸಿಬೆಲ್ ಏರುಪೇರು ಬರುತ್ತದೆ. ಕೆಲವು ಸ್ವರ ಮುಂದೆ, ಕೆಲವು ಹಿಂದೆ. ಆಂಪೂ ಕೆಟ್ಟಿಲ್ಲ, ಸ್ಪೀಕರೂ ಕೆಟ್ಟಿಲ್ಲ. ಜೋಡಿ ಕೂಡಿಲ್ಲ, ಅಷ್ಟೇ. ಓಮ್ ಹೆಚ್ಚು ಏರಿಳಿಯದ, ಸೆನ್ಸಿಟಿವಿಟಿ ಜಾಸ್ತಿ ಇರುವ ಸ್ಪೀಕರ್ ವಾಲ್ವಿಗೆ ಹೊಂದುತ್ತದೆ.

ಆಂಪ್ ಟಪ್ ಅಂತ ತಾನೇ ಆಫ್ ಆಗುತ್ತಿದ್ದರೆ ಎರಡೂ ಸ್ಪೀಕರ್ ವೈರು ಬಿಚ್ಚಿ ಆನ್ ಮಾಡಿ. ಆಗಲೂ ಆಫ್ ಆದರೆ ಆಂಪ್ ರಿಪೇರಿಗೆ. ಆಗದಿದ್ದರೆ ಟರ್ಮಿನಲ್ ಹತ್ತಿರ ವೈರಿನ ಒಂದು ಎಳೆ ಇನ್ನೊಂದಕ್ಕೆ ತಾಗಿದೆಯಾ ನೋಡಿ. ಎ, ಬಿ ಎರಡೂ ಬಟನ್ ಒತ್ತಿ ಎರಡು ಜೋಡಿ ಓಡಿಸುತ್ತಿದ್ದೀರಾ? 4 ಓಮಿನ ಎರಡು ಜೋಡಿ ಒಟ್ಟಿಗೆ ಬಂದರೆ ಆಂಪಿಗೆ ಕಾಣುವುದು 2 ಓಮ್. ಇನ್ನು ಬೇಸಿಗೆ. ನವನಗರದ ಗೆಳೆಯರೊಬ್ಬರ ಆಂಪ್ ಏಪ್ರಿಲ್ ಮೇ ಸಂಜೆಗಳಲ್ಲಿ ಮಾತ್ರ ನಿಲ್ಲುತ್ತಿತ್ತು. ಗಾಜಿನ ಬಾಗಿಲಿನ ಶೋಕೇಸಿನೊಳಗೆ, ಮೇಲೆ ಸೆಟ್‌ಟಾಪ್ ಬಾಕ್ಸ್ ಹೇರಿ ಇಟ್ಟಿದ್ದರು. ಹೊರಗೇ 42 ಡಿಗ್ರಿ ಇರುವಾಗ ಒಳಗೆ ಇನ್ನೆಷ್ಟಿರಬೇಡ? ಹೊರಗೆ ಇಟ್ಟು ಮೇಲೆ ಅರ್ಧ ಅಡಿ ಜಾಗ ಬಿಟ್ಟ ಮೇಲೆ ನಿಂತಿಲ್ಲ.

ವೈರಿನ ಬಗ್ಗೆ ಎರಡೇ ಮಾತು. 2.5 ಚದರ ಎಂಎಂ ತಾಮ್ರದ ವೈರು ಐದು ಮೀಟರಿಗೆ ಹೋಗಿ ಬರುವಾಗ 0.1 ಓಮ್ ಕೂಡ ಆಗುವುದಿಲ್ಲ. ಅದಕ್ಕಿಂತ ದುಬಾರಿಯದು ಬೇಕಿಲ್ಲ, ಪುಕ್ಕಟೆ ಬಂದ ತೆಳು ವೈರೂ ಬೇಡ.

ಹಾಡು ಇಲ್ಲದಾಗಲೂ ಗುಯ್ಯ್ ಅಂದರೆ

ಮೊದಲು ಕಿವಿ ಇಟ್ಟು ನೋಡಿ, ಸದ್ದು ಸ್ಪೀಕರಿನಿಂದಲೋ ಆಂಪಿನ ಡಬ್ಬಿಯಿಂದಲೋ. ಡಬ್ಬಿಯೇ ಗುಯ್ಯ್ ಅಂದರೆ ಟ್ರಾನ್ಸ್‌ಫಾರ್ಮರ್. ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಜಾಸ್ತಿ ಆಗುತ್ತದಾ? ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಹಾಗೇ. ಜಪಾನಿನ 100 ವೋಲ್ಟ್ ಹಳೆ ಆಂಪನ್ನು 110ರ ಸ್ಟೆಪ್‌ಡೌನ್ ಮೇಲೆ ಓಡಿಸುವವರು ಮೀಟರ್ ಹಾಕಿ ನೋಡಿ. ರಾತ್ರಿ ಲೈನಿನಲ್ಲಿ 245 ಬಂದರೆ ಆಂಪಿಗೆ 117 ಹೋಗುತ್ತದೆ. ಗುಯ್ಯ್ ಅನ್ನುವುದಷ್ಟೇ ಅಲ್ಲ, ಬಿಸಿಯೂ ಆಗುತ್ತದೆ. 100 ವೋಲ್ಟಿನ ಸ್ಟೆಪ್‌ಡೌನ್ ಕಟ್ಟಿಸಿ.

ಸ್ಪೀಕರಿನಿಂದ ಬಂದರೆ ಇನ್‌ಪುಟ್ ಪಿನ್ನುಗಳನ್ನು ಒಂದೊಂದಾಗಿ ಕೀಳಿ. ಯಾವುದು ಕಿತ್ತಾಗ ನಿಂತಿತೋ ಅದೇ ಕಳ್ಳ. ಡಿಶ್ ಅಥವಾ ಕೇಬಲ್ಲಿನ ವೈರು, ಮೂರು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರ್ ಇವೆರಡರ ಮೇಲೆ ಮೊದಲ ಅನುಮಾನ ಇರಲಿ. ಒಂದೇ ಸಿಸ್ಟಮ್ಮಿಗೆ ಎರಡು ದಾರಿಯಲ್ಲಿ ಅರ್ಥ್ ಸಿಕ್ಕಾಗ 50 ಹರ್ಟ್ಜ್ ನುಸುಳುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲಬಹುದು, ಆದರೆ ಅದನ್ನು ಮಾಡಲೇಬೇಡಿ. ಜೀವಕ್ಕೆ ಅಪಾಯ.

ಬೇಸಿಗೆಯಲ್ಲಿ ಮಾತ್ರ ಬರುವ ಗುಯ್ಯ್‌ಗೆ ಅರ್ಥ್ ಗುಂಡಿ ನೋಡಿ. ನಮ್ಮ ಎರೆಮಣ್ಣು ಒಣಗಿದರೆ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ನಾಲ್ಕಾರು ಕೊಡ ನೀರು ಹಾಕಿ. ಮರುದಿನ ಸದ್ದು ಇಳಿದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಇದ್ದಲು ಉಪ್ಪು ಹೊಸದಾಗಿ ತುಂಬಿಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಜಾಸ್ತಿ ಬಂದರೂ ಅವರನ್ನೇ ಕರೆಯಿರಿ.

ಗಡಗಡ ನಡುಗಿದರೆ

ಮತ್ತೆ ಆ ಟೋನ್ ಆಪ್. ಗಡಗಡ ಬರುವ ನಂಬರಿಗೆ ನಿಲ್ಲಿಸಿ, ಇನ್ನೊಬ್ಬರು ಕಿಟಕಿ ಗಾಜು, ಫೋಟೊ ಫ್ರೇಮು, ಸ್ಟೀಲ್ ತಿಜೋರಿಯ ಬಾಗಿಲು, ಪರದೆ ಕೊಳವೆ ಒಂದೊಂದನ್ನೇ ಕೈಯಿಂದ ಒತ್ತಿ ಹಿಡಿಯಲಿ. ಫರ್ಸಿ ಏರುತಗ್ಗಾಗಿದ್ದರೆ ಪೆಟ್ಟಿಗೆಯೇ ಅಲುಗಾಡುತ್ತದೆ. ಮೇಲಿನ ಮೂಲೆ ಹಿಡಿದು ದಬ್ಬಿ ನೋಡಿ. ನಾಲ್ಕು ಸ್ಪೈಕೂ ಕಚ್ಚುವಂತೆ ತಿರುಗಿಸಿ, ಕೆಳಗೆ ಒಂದೊಂದು ನಾಣ್ಯ ಇಡಿ. ಕಲ್ಲಿಗೂ ಗೀರು ಬೀಳುವುದಿಲ್ಲ.

ಸ್ಪೀಕರೇ ಕೆಟ್ಟಿದೆ ಅಂತಾದರೆ

ಆಂಪ್ ಆಫ್ ಇರಲಿ. ಎರಡೂ ಕೈಯ ಬೆರಳುಗಳಿಂದ ವೂಫರ್ ಕೋನನ್ನು ಸಮನಾಗಿ, ಮೆತ್ತಗೆ ಒತ್ತಿ. ಕರಕರ ಅಂದರೆ ಕಾಯಿಲ್ ಉಜ್ಜುತ್ತಿದೆ. ಅಂಚಿನ ಫೋಮ್ ಪುಡಿಯಾಗಿದ್ದರೆ ಅದೂ ಕಣ್ಣಿಗೇ ಕಾಣುತ್ತದೆ. ಟ್ವೀಟರನ್ನು ಮಾತ್ರ ಮುಟ್ಟಬೇಡಿ.

ಮೀಟರಿನಲ್ಲಿ 8 ಓಮ್ ಡ್ರೈವರ್ ಐದೂವರೆಯಿಂದ ಏಳು ತೋರಿಸುತ್ತದೆ, 4 ಓಮಿನದ್ದು ಮೂರು ಮೂರೂವರೆ. ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಇಲ್ಲಿ ಒಂದು ಮೋಸ ಇದೆ. ಟ್ವೀಟರನ್ನು ಹಿಂದಿನ ಟರ್ಮಿನಲ್ಲಿನಿಂದ ಅಳೆದರೆ ಒಳ್ಳೆಯದೂ ಸತ್ತಂತೆ ತೋರಿಸುತ್ತದೆ, ಏಕೆಂದರೆ ನಡುವೆ ಕ್ರಾಸ್‌ಓವರಿನ (ಬಾಸು, ಮೇಲಿನ ದನಿ ಬೇರೆ ಮಾಡಿ ಹಂಚುವ ಸರ್ಕ್ಯೂಟ್) ಕೆಪಾಸಿಟರ್ ಇದೆ. ಡ್ರೈವರ್ ಬಿಚ್ಚಿ ಅದರ ಕಡ್ಡಿಗಳಲ್ಲೇ ಅಳೆಯಬೇಕು. ವಾರಂಟಿ ಇದ್ದರೆ ಬಿಚ್ಚುವ ಮೊದಲು ಡೀಲರ್‌ಗೆ ಕೇಳಿ.

ಹೊಸ ಡ್ರೈವರ್ ಹಾಕುವ ಮೊದಲು ಆಂಪಿನ ಔಟ್‌ಪುಟ್ಟಿನಲ್ಲಿ ಡಿಸಿ ವೋಲ್ಟ್ ಅಳೆಯಿರಿ, ಹಾಡು ಇಲ್ಲದಾಗ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. ವೋಲ್ಟುಗಟ್ಟಲೆ ಬಂದರೆ ಹಳೆ ಡ್ರೈವರನ್ನು ಸುಟ್ಟದ್ದು ಆಂಪೇ, ಹೊಸದನ್ನೂ ಸುಡುತ್ತದೆ.

ಡೀಲರ್‌ಗೆ ಫೋನ್ ಮಾಡುವಾಗ ಬರೀ "ಸೌಂಡ್ ಸರಿ ಇಲ್ಲ" ಅನ್ನಬೇಡಿ. ಅದಲು ಬದಲು ಮಾಡಿದಾಗ ಏನಾಯಿತು, ಯಾವ ನಂಬರಿಗೆ, ಯಾವ ವಾಲ್ಯೂಮಿಗೆ, ಎಷ್ಟು ಓಮ್ ಬಂತು, ಇಷ್ಟು ಹೇಳಿ. ಕೆಟ್ಟದ್ದು ಒಂದೇ ಡ್ರೈವರ್ ಆಗಿದ್ದರೆ ಅದನ್ನಷ್ಟೇ ಕೊರಿಯರ್ ಮಾಡಲು ಒಪ್ಪಿಸಿ. ಮೂವತ್ತು ನಲವತ್ತು ಕಿಲೊ ಪೆಟ್ಟಿಗೆಯನ್ನು ವಿಜಯಪುರದಿಂದ ಬೆಂಗಳೂರಿಗೆ ಲಾರಿಯಲ್ಲಿ ಹಾಕಿದರೆ ಮೂಲೆ ಜಜ್ಜಿಕೊಂಡೇ ವಾಪಸ್ ಬರುತ್ತದೆ. ಪೆಟ್ಟಿಗೆ ಹೋಗಲೇಬೇಕು ಅಂದರೆ ಕಂಪನಿಯ ರಟ್ಟಿನ ಡಬ್ಬಿ, ಥರ್ಮೋಕೋಲ್ ಸಮೇತ ಅಟ್ಟದಿಂದ ಇಳಿಸಿ.